ಹಿರಿಮಗಳಿಗೆ ಅರೆಹೊಟ್ಟೆ

ಮೈಸೂರು, 9 ಫೆಬ್ರವರಿ 2025, ಭಾನುವಾರ

ಗಿಡ ಸವರುವವನು ರತ್ನಗಂಧಿಯ ಒಣಕಡ್ಡಿಗಳನ್ನು ಗುಡ್ಡೆ ಹಾಕಿ ಹೋಗಿದ್ದ. ಒಂದು ಕಡ್ಡಿಯ ತುದಿಯಲ್ಲಿ ದುಂಡಗೆ ಕೊರೆದ ತೂತು, ಅದಕ್ಕೆ ಬಿರಡೆ ಜಡಿದ ಹಾಗೆ ಹಸಿರಾಗಿ ಮಿಂಚುವ ಜೇನೊಂದರ ಹಿಂಭಾಗ. ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿದೆ. ಒಳಗೆ ಬೆಂಡಿನ ಪುಡಿಯ ಅಡ್ಡಗೋಡೆಗಳು, ಕೋಣೆಗೊಂದು ಪರಾಗದ ಉಂಡೆ. ತಳದಲ್ಲಿ ಉಂಡೆ ಮುಗಿಸಿ ಕೊಬ್ಬಿದ ಮರಿಹುಳು. ಬಾಗಿಲ ಕಡೆಯ ಕೋಣೆಯಲ್ಲಿ ಬಾಗಿದ ಬಿಳಿ ಮೊಟ್ಟೆ. ಸೆರಟೀನ, ಸೆಂಟಿಮೀಟರ್ ಕೂಡ ಇಲ್ಲದ ಬಡಗಿ ಜೇನು. ನೋಡಿಯಾದ ಮೇಲೆ ಸೀಳು ಕೂಡಿಸಿ ದಾರ ಸುತ್ತಿಟ್ಟೆ.

ಟ್ಯಾಂಕಿಗೆ ಜೋತುಬಿದ್ದ ಹೆಜ್ಜೇನಿನ ಹುಟ್ಟು ಕಂಡು ‘ಎಂಥ ಒಗ್ಗಟ್ಟು’ ಅನ್ನುವವರು ಬೇಕಾದಷ್ಟು ಜನ. ಆ ಒಗ್ಗಟ್ಟು ಶುರುವಾದದ್ದು ಹೇಗೆ ಅಂತ ಹೆಜ್ಜೇನನ್ನು ಕೇಳಿದರೆ ಪ್ರಯೋಜನವಿಲ್ಲ, ಅದು ತೀರಾ ಮುಂದೆ ಹೋಗಿಬಿಟ್ಟಿದೆ. ನಡವಳಿಕೆ ಪಳೆಯುಳಿಕೆಯಾಗಿ ಸಿಗುವುದೂ ಅಪರೂಪ. ಈಗ ಬದುಕಿರುವ ಜೇನುಗಳನ್ನೇ ಅಕ್ಕಪಕ್ಕ ಇಟ್ಟು ನೋಡಬೇಕು. ಗುಲಾಬಿ ಎಲೆ ಕತ್ತರಿಸಿ ಒಯ್ಯುವ ಜೇನು ಬುತ್ತಿ ಕಟ್ಟಿ, ಮೊಟ್ಟೆಯಿಟ್ಟು, ಬಾಗಿಲು ಮುಚ್ಚಿ ಹೊರಟುಹೋಗುತ್ತದೆ. ಮಕ್ಕಳ ಮುಖ ನೋಡುವುದಿಲ್ಲ. ಸೆರಟೀನ ಬಾಗಿಲಲ್ಲೇ ಕಾವಲು ಕೂರುತ್ತದೆ. ನಮ್ಮ ದೇಶದಲ್ಲೂ ಇರುವ ಬ್ರೌನ್ಸಾಪಿಸ್ ಅನ್ನುವ ಜೇನು ಗೋಡೆಯನ್ನೇ ಕಟ್ಟದೆ, ಮರಿಗಳನ್ನೆಲ್ಲ ಒಂದೇ ಕೊಳವೆಯಲ್ಲಿಟ್ಟು ಆಗಾಗ ಉಣಿಸುತ್ತದೆ. ರಾಣಿ, ಆಳು, ತುಪ್ಪ ಎಲ್ಲ ಆಮೇಲಿನವು. ಮೊದಲು ತಾಯಿ ಮನೆಯಲ್ಲಿ ನಿಲ್ಲಬೇಕು.

ನಿಂತರೆ ಏನಾಗುತ್ತದೆ? ಉತ್ತರ ಅಮೆರಿಕದ ಸೆರಟೀನ ಕ್ಯಾಲ್ಕರೇಟ ತನ್ನ ಮೊದಲ ಮಗಳಿಗೆ ಪರಾಗ ಕಡಿಮೆ ಇಡುತ್ತದೆ. ಕುಳ್ಳಿಯಾಗಿ ಬೆಳೆಯುವ ಆ ಹಿರಿಮಗಳು ತಂಗಿ ತಮ್ಮಂದಿರಿಗೆ ಪರಾಗ ತಂದು ಉಣಿಸಿ, ಚಳಿಗಾಲ ದಾಟದೆ, ತನ್ನದೊಂದು ಗೂಡು ಕಾಣದೆ ಸಾಯುತ್ತಾಳೆ. ಊಟದ ಹೊತ್ತಿಗೆ ಇದನ್ನು ಹೇಳಿದೆ. ತವರಿನಲ್ಲಿ ಎಲ್ಲರಿಗಿಂತ ಹಿರಿಯವರಾದ ನಮ್ಮತ್ತೆ, “ಅಲ್ಲೂ ಅದೇ ಗತಿಯಾ?” ಅಂದು ಸಾರು ಬಡಿಸಿದರು. ಇದನ್ನು ತ್ಯಾಗ ಅನ್ನುವುದು ನನಗೆ ಹಿಡಿಸುವುದಿಲ್ಲ. ಹೊಟ್ಟೆಗೆ ಕಡಿಮೆ ಹಾಕಿ ಬೆಳೆಸಿದವಳಿಗೆ ಬೇರೆ ದಾರಿ ಎಲ್ಲಿತ್ತು?

ಹೀಗೆ ಒಡಹುಟ್ಟಿದವರಿಗಾಗಿ ದುಡಿಯುವುದಕ್ಕೆ ಜೀವವಿಕಾಸ ವಿಜ್ಞಾನಿ ಹ್ಯಾಮಿಲ್ಟನ್ 1964ರಲ್ಲಿ ಕೊಟ್ಟ ಲೆಕ್ಕ ಈ ವಿಷಯ ಓದಿದವರಿಗೆಲ್ಲ ಬಾಯಿಪಾಠ: ಹೆಣ್ಣಿಗೆ ವರ್ಣತಂತುಗಳ ಎರಡು ಕಂತೆ, ಗಂಡು ಜೇನಿಗೆ ಒಂದೇ, ಹಾಗಾಗಿ ಒಂದೇ ತಂದೆಯ ಅಕ್ಕತಂಗಿಯರ ವಂಶವಾಹಿಗಳ ನಂಟು ಮುಕ್ಕಾಲು ಪಾಲು, ಸ್ವಂತ ಮಗಳೊಡನೆ ಅರ್ಧವೇ; ಅಂದರೆ ಮಗಳಿಗಿಂತ ತಂಗಿಯನ್ನು ಸಾಕುವುದೇ ಲಾಭ. ಸೊಗಸಾದ ಲೆಕ್ಕ. ಆದರೆ ಎಲೆ ಕತ್ತರಿಸುವ ಜೇನಿಗೂ ಅದೇ ಲೆಕ್ಕ ಅಲ್ಲವೇ, ಅದೇಕೆ ಒಂಟಿಯಾಗಿದೆ? ನಂಟೊಂದೇ ಸಾಲದು, ಹವೆಯೂ ಒದಗಿಬರಬೇಕು. ಹ್ಯಾಲಿಕ್ಟಸ್ ರುಬಿಕುಂಡಸ್ ಅನ್ನುವ, ನೆಲದಲ್ಲಿ ಬಿಲ ತೋಡುವ ಬೆವರು ಜೇನು ಚಳಿ ಊರಲ್ಲಿ ಒಂಟಿ, ಬೆಚ್ಚನೆಯ ಕಡೆ ತಾಯಿಮಗಳ ಸಂಸಾರ. ಉತ್ತರದ ಒಂಟಿಗಳನ್ನು ಇಂಗ್ಲೆಂಡಿನ ದಕ್ಷಿಣಕ್ಕೆ ತಂದು ಬಿಟ್ಟಾಗ ಕೆಲವು ಅಲ್ಲೇ ಸಂಸಾರ ಹೂಡಿದ್ದು 2010ರಲ್ಲಿ ಪ್ರಕಟವಾಯಿತು.

ಮೈಸೂರಲ್ಲಿ ಚಳಿಯ ನೆಪವಂತೂ ಇಲ್ಲ. ಇಲ್ಲಿನ ಬೆವರು ಜೇನುಗಳ ಬಿಲ ಹುಡುಕಲು ಬರುವ ಭಾನುವಾರ ಬಿಸಿಲೇರಿದ ಮೇಲೆ ಕುಕ್ಕರಹಳ್ಳಿ ಕೆರೆ ಏರಿಯ ಗಟ್ಟಿ ನೆಲಕ್ಕೆ ಹೋಗುತ್ತೇನೆ. ಬರುವವರಿದ್ದರೆ ತಿಳಿಸಿ, ಟೋಪಿ ಮರೆಯಬೇಡಿ.