ಕೆಟ್ಟ ಚೈನ್‌ಸಾ: ರಿಪೇರಿನಾ, ಹೊಸದಾ?

"ಅಣ್ಣಾ, ಇದಕ್ಕೆ ದುಡ್ಡು ಹಾಕೋದಾ, ಹೊಸದೇ ತಗೊಂಡುಬಿಡೋದಾ?"

ಏಪ್ರಿಲ್ ಬಂತು ಅಂದರೆ ಈ ಪ್ರಶ್ನೆ ಶುರುವಾಗುತ್ತದೆ. ಬೆಂಗಳೂರಿನ ಬೇಸಿಗೆ ಗಾಳಿಮಳೆಗೆ ಗುಲ್‌ಮೊಹರ್ ಕೊಂಬೆಗಳು ಮುರಿದು ಬೀಳುತ್ತವೆ. ಕನಕಪುರ, ದೊಡ್ಡಬಳ್ಳಾಪುರದ ಕಡೆ ತೋಟ ಇಟ್ಟುಕೊಂಡವರು ಹೋದ ವರ್ಷ ಮೂಲೆಗೆ ಸೇರಿಸಿದ್ದ ಮರ ಕೊಯ್ಯುವ ಚೈನ್‌ಸಾ ಮಿಷನ್ ಹೊರಗೆ ತೆಗೆಯುತ್ತಾರೆ. ಹಗ್ಗ ಎಳೆದೂ ಎಳೆದೂ ರಟ್ಟೆ ಸೋತ ಮೇಲೆ ನನಗೆ ಫೋನ್ ಬರುತ್ತದೆ. ಸಣ್ಣ ಇಂಜಿನ್ ರಿಪೇರಿ ನನ್ನ ಕಸುಬು. ಹಾಗಾಗಿ ನನ್ನ ಉತ್ತರ ರಿಪೇರಿ ಕಡೆಗೇ ವಾಲುತ್ತದೆ ಅಂತ ನೀವು ಅಂದುಕೊಳ್ಳಬಹುದು. ಪೂರ್ತಿ ಓದಿ ನೋಡಿ.

ಎಲ್ಲರೂ ಮೊದಲು ಕೇಳುವುದು "ಎಷ್ಟಾಗುತ್ತೆ?" ಅಂತ. ನಾನು ಮೊದಲು ನೋಡುವುದು ಇಂಜಿನ್‌ಗೆ ಏಟು ಬಿದ್ದಿದೆಯಾ, ಇಲ್ಲ ಹೊಟ್ಟೆಗೆ ಸರಿಯಾಗಿ ಪೆಟ್ರೋಲ್ ಹೋಗುತ್ತಿಲ್ಲವಾ ಅಂತ. ಇದನ್ನು ಮನೆಯಲ್ಲೇ ಅಂದಾಜು ಮಾಡಬಹುದು. ಸ್ವಿಚ್ ಆಫ್ ಮಾಡಿ, ಬಾರ್‌ಗೆ, ಅಂದರೆ ಚೈನ್ ಸುತ್ತುವ ಉದ್ದನೆಯ ಪಟ್ಟಿಗೆ, ಕವರ್ ಹಾಕಿ, ಸ್ಟಾರ್ಟರ್ ಹಗ್ಗದ ಹಿಡಿಯಿಂದ ಮಿಷನ್ ನೇತುಹಾಕಿ. ತಡೆದು ತಡೆದು ನಿಧಾನಕ್ಕೆ ಕೆಳಗೆ ಇಳಿದರೆ ಕಂಪ್ರೆಷನ್ ಇದೆ, ಅಂದರೆ ಸಿಲಿಂಡರ್ ಒಳಗೆ ಒತ್ತಡ ನಿಲ್ಲುತ್ತಿದೆ. ಸರ್ರನೆ ಜಾರಿದರೆ ಅನುಮಾನ ಪಡಿ. ಆಮೇಲೆ ಸೈಲೆನ್ಸರ್ ಬಿಚ್ಚಿ. ಎರಡು ಮೂರು ಬೋಲ್ಟ್ ಅಷ್ಟೆ. ಆ ಕಿಂಡಿಯಲ್ಲಿ ಟಾರ್ಚ್ ಬಿಟ್ಟರೆ ಪಿಸ್ಟನ್ನಿನ ಪಕ್ಕ ಕಾಣುತ್ತದೆ. ನುಣ್ಣಗಿದ್ದರೆ ಒಳ್ಳೆಯದು. ಮೇಲಿಂದ ಕೆಳಕ್ಕೆ ಗೀರುಗಳಿದ್ದರೆ ಅದು ಸೀಜ್ ಆಗಿದೆ, ಅಂದರೆ ಪಿಸ್ಟನ್ ಸಿಲಿಂಡರ್‌ಗೆ ಉಜ್ಜಿ ಕಚ್ಚಿಕೊಂಡಿದೆ.

ಪಿಸ್ಟನ್ ಚೆನ್ನಾಗಿದ್ದರೆ ಹೊಸದರ ಮಾತೇ ಬೇಡ. ನನ್ನ ಹತ್ತಿರ ಬರುವ ಮಿಷನ್‌ಗಳಲ್ಲಿ ಜಾಸ್ತಿ ಇಂಥವೇ. ಹಳೇ ಪೆಟ್ರೋಲ್ ಟ್ಯಾಂಕಿನಲ್ಲೇ ಬಿಟ್ಟಿರುತ್ತಾರೆ. ಈಗ ಬಂಕ್‌ನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ 20% ವರೆಗೆ ಎಥನಾಲ್ ಇರುತ್ತದೆ. ಅದು ಗಾಳಿಯ ತೇವ ಹೀರುತ್ತದೆ. ಪೆಟ್ರೋಲ್ ಆರಿದ ಮೇಲೆ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಒಳಗೆ ಅಂಟು ಉಳಿಯುತ್ತದೆ, ಅದರ ತೆಳ್ಳನೆಯ ಪೊರೆ, ಅಂದರೆ ಡಯಾಫ್ರಾಂ, ಗಟ್ಟಿಯಾಗುತ್ತದೆ, ಪೆಟ್ರೋಲ್ ಪೈಪ್ ಬಿರುಕು ಬಿಡುತ್ತದೆ. ಡಯಾಫ್ರಾಂ ಕಿಟ್, ಪೈಪ್, ಫಿಲ್ಟರ್, ಪ್ಲಗ್ ಎಲ್ಲ ಹಾಕಿದರೂ ದೊಡ್ಡ ಖರ್ಚಲ್ಲ. ಅಗ್ಗದ ಚೀನಾ ಮಾದರಿಗಳಿಗಂತೂ ಕಾರ್ಬೊರೇಟರೇ ಹೊಸದು ಹಾಕುವುದು ವಾಸಿ, ಹಳೆಯದನ್ನು ತೊಳೆಯುತ್ತ ಕೂರುವ ಕೂಲಿಗೆ ಅದೇ ಬಂದುಬಿಡುತ್ತದೆ.

"ಇಂಜಿನ್ ಓಡುತ್ತೆ, ಮರ ಕೊಯ್ಯಲ್ಲ" ಅನ್ನುವವರೂ ಇದ್ದಾರೆ. ಅದು ಕೆಟ್ಟಿರುವುದೇ ಅಲ್ಲ. ಚಕ್ಕೆ ಬರುವ ಬದಲು ಹಿಟ್ಟಿನಂಥ ಪುಡಿ ಬರುತ್ತಿದ್ದರೆ ಚೈನ್ ಮೊಂಡಾಗಿದೆ. ನಮ್ಮ ರಸ್ತೆ ಬದಿಯ ಮರಗಳಿಗೆ ಪಿಜಿ ಬೋರ್ಡು, ಟ್ಯೂಷನ್ ಬೋರ್ಡು, ಕೇಬಲ್ಲು ಅಂತ ಹೊಡೆದ ಮೊಳೆಗಳಿಗೆ ಲೆಕ್ಕವೇ ಇಲ್ಲ. ಒಂದು ಮೊಳೆ ಸಾಕು ಚೈನ್ ಹಾಳಾಗುವುದಕ್ಕೆ. ತೆಂಗಿನ ಕಾಂಡವೂ ಅಷ್ಟೆ, ಬೇಗ ಹರಿತ ತಿನ್ನುತ್ತದೆ. ಅರ ಹಿಡಿಯುವುದು ಕಲಿತುಕೊಳ್ಳಿ. ಚೈನಿನ ಅಳತೆ (ಪಿಚ್) .325 ಇಂಚು ಇದ್ದರೆ ದುಂಡು ಅರ 4.8 ಮಿಮೀ ಇರಬೇಕು.

ಕಷ್ಟದ ಪ್ರಶ್ನೆ ಗೀರು ಬಿದ್ದ ಪಿಸ್ಟನ್‌ದು. ಇಲ್ಲಿ ನಾನು ತಕ್ಷಣ ಹೂಂ ಅನ್ನುವುದಿಲ್ಲ. ಯಾಕೆ ಸೀಜ್ ಆಯಿತು ಅಂತ ಗೊತ್ತಾಗಬೇಕು. 2ಟಿ ಆಯಿಲ್ ಬೆರೆಸದೆ ಬರೀ ಪೆಟ್ರೋಲ್ ಹಾಕಿದ್ದರೆ ಕಾರಣ ಸಿಕ್ಕಿತು. ಆಯಿಲ್ ಸರಿಯಾಗಿಯೇ ಹಾಕಿದ್ದರೂ ಸೀಜ್ ಆಗಿದ್ದರೆ ಹೆಚ್ಚಾಗಿ ಎಲ್ಲೋ ಗಾಳಿ ಒಳಗೆ ನುಗ್ಗುತ್ತಿರುತ್ತದೆ. ಕ್ರ್ಯಾಂಕ್‌ನ, ಅಂದರೆ ಪಿಸ್ಟನ್ ತಿರುಗಿಸುವ ದಂಡದ, ಆಯಿಲ್ ಸೀಲ್ ಹೋಗಿರಬಹುದು, ಕಾರ್ಬೊರೇಟರ್ ಹಿಂದಿನ ರಬ್ಬರ್ ಸೀಳಿರಬಹುದು. ಗಾಳಿ ಜಾಸ್ತಿಯಾದರೆ ಪೆಟ್ರೋಲ್ ಕಮ್ಮಿ, ಅದರ ಜೊತೆ ಬರುವ ಆಯಿಲ್ಲೂ ಕಮ್ಮಿ. ಸೀಲ್ ನೋಡದೆ ಪಿಸ್ಟನ್ ಮಾತ್ರ ಹಾಕಿಕೊಡುವ ಮೆಕ್ಯಾನಿಕ್ ಸಿಕ್ಕರೆ ಮಿಷನ್ ವಾಪಸ್ ತಗೊಂಡು ಬನ್ನಿ. ಹೊಸ ಪಿಸ್ಟನ್ನೂ ಅದೇ ದಾರಿ ಹಿಡಿಯುತ್ತದೆ.

ಸಿಲಿಂಡರ್, ಪಿಸ್ಟನ್, ಸೀಲ್, ಅದರ ಮೇಲೆ ಕೂಲಿ. ಮಿಷನ್ ಅಗ್ಗದ್ದು ಅಂತ ಕೂಲಿ ಅಗ್ಗ ಆಗಲ್ಲ ಅಲ್ವಾ? ಆರೇಳು ಸಾವಿರಕ್ಕೆ ಆನ್‌ಲೈನಲ್ಲಿ ತರಿಸಿದ್ದಕ್ಕೆ ಈ ಕೆಲಸ ಮಾಡಿಸಿದರೆ ಸುಮ್ನೆ ದುಡ್ಡು ದಂಡ. ಬೇಡ ಅಂತ ನೇರವಾಗಿ ಹೇಳಿಬಿಡುತ್ತೇನೆ. ಸ್ಟಿಲ್, ಹಸ್ಕ್‌ವರ್ನಾದಂಥ ಕಂಪನಿ ಮಿಷನ್ ಆದರೆ ಮಾಡಿಸಿ, ಆದರೆ ಮೊದಲು ಆ ಮಾಡೆಲ್‌ನ ಸಾಮಾನು ಈಗಲೂ ಬರುತ್ತಾ ಅಂತ ಡೀಲರ್ ಹತ್ತಿರ ಕೇಳಿ. ಚೀನಾ ಮಾದರಿಯ ಸಾಮಾನನ್ನು ಎಸ್‌ಜೆಪಿ ರಸ್ತೆಯ ಅಂಗಡಿಗಳಲ್ಲಿ ಹುಡುಕಬಹುದು. ಕಂಪನಿ ಹೆಸರಿನ ನಕಲಿ ಸಾಮಾನೂ ಮಾರುಕಟ್ಟೆಯಲ್ಲಿದೆ, ಬೆಲೆ ತೀರಾ ಕಮ್ಮಿ ಹೇಳಿದರೆ ಹುಷಾರು.

ಇನ್ನು ಚೈನ್ ಬ್ರೇಕ್. ಅದು ಹಿಡಿಯದಿದ್ದರೆ ರಿಪೇರಿ ಆಗುವವರೆಗೆ ಮಿಷನ್ ಮುಟ್ಟಬೇಡಿ. "ಅದು ಬೇಡ, ಬಿಚ್ಚಿ ಕೊಡಿ" ಅಂತ ಕೇಳುವವರಿದ್ದಾರೆ. ಬಾರಿನ ತುದಿ ಮರಕ್ಕೆ ತಾಗಿ ಮಿಷನ್ ಮುಖದ ಕಡೆ ಚಿಮ್ಮಿದಾಗ ಚೈನ್ ನಿಲ್ಲಿಸುವುದು ಅದೊಂದೇ. ನಾನು ಬಿಚ್ಚಿಕೊಡಲ್ಲ.

ವರ್ಷಕ್ಕೊಮ್ಮೆ ಎರಡು ಕೊಂಬೆ ಕತ್ತರಿಸುವವರು ರಿಪೇರಿಯೂ ಬೇಡ, ಹೊಸದೂ ಬೇಡ, ಆಳನ್ನು ಕರೆಸಿ. ಮರವನ್ನೇ ಕಡಿಯುವ ಯೋಚನೆ ಇದ್ದರೆ ಕರ್ನಾಟಕದ 1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ, ವಿನಾಯಿತಿ ಇರುವ ಕೆಲವು ಜಾತಿ ಬಿಟ್ಟು, ಮೊದಲು ವೃಕ್ಷ ಅಧಿಕಾರಿಯ ಅನುಮತಿ ಬೇಕು, ಅದು ನಿಮ್ಮ ಸ್ವಂತ ಕಾಂಪೌಂಡಿನ ಮರವಾದರೂ ಸರಿ.

ಹೊಸದೇ ತಗೊಂಡರೆ ಹಳೆಯದನ್ನು ಗುಜರಿಗೆ ತೂಕಕ್ಕೆ ಹಾಕಬೇಡಿ. ಅದೇ ಮಾಡೆಲ್ ಆದರೆ ಸ್ಟಾರ್ಟರ್, ಕ್ಲಚ್, ಕಾಯಿಲ್, ಬಾರ್ ಎಲ್ಲ ಮುಂದೆ ಬೇಕಾಗುತ್ತವೆ. ಬೇರೆ ಮಾಡೆಲ್ ಆದರೆ ಯಾವುದಾದರೂ ರಿಪೇರಿ ಅಂಗಡಿಗೆ ಕೊಡಿ. ಗುಜರಿಯವನಿಗಿಂತ ಚೂರು ಜಾಸ್ತಿಯೇ ಕೊಡುತ್ತಾರೆ.