ಆಲಿಕೆ ಸಭೆಯಲ್ಲಿ ಬಾವಿ ನೀರಿನ ಲೆಕ್ಕ

ಸಭೆ ಹನ್ನೊಂದು ಗಂಟೆಗೆ. ಹತ್ತೂವರೆಗೇ ಸಮುದಾಯ ಭವನದ ಕುರ್ಚಿಗಳೆಲ್ಲ ತುಂಬಿ, ಉಳಿದವರು ಗೋಡೆಗೊರಗಿ ನಿಂತಿದ್ದರು. ಅಳಿವೆಯ ಪಕ್ಕದ ಶಿಪ್‌ಯಾರ್ಡ್‌ನಲ್ಲಿ ಹೊಸ ಡ್ರೈ ಡಾಕ್ (ಹಡಗನ್ನು ನೀರಿನಿಂದ ಬಿಡಿಸಿ ರಿಪೇರಿ ಮಾಡುವ ತೊಟ್ಟಿ) ಕಟ್ಟಲು ಹಾಕಿದ್ದ ಅರ್ಜಿಯ ಮೇಲೆ ಅಂದು ಪರಿಸರ ಸಾರ್ವಜನಿಕ ಆಲಿಕೆ. ವೇದಿಕೆಯಲ್ಲಿ ಅಪರ ಜಿಲ್ಲಾಧಿಕಾರಿ, ಪಕ್ಕದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಪರಿಸರ ಅಧಿಕಾರಿ, ಎದುರಿಗೆ ವಿಡಿಯೊ ಕ್ಯಾಮೆರಾ. ಯಾರ್ಡ್ ಕಡೆಯ ಮೇಜಿನ ಮೇಲೆ ನಾವು ಹರಡಿದ್ದ ನಕ್ಷೆಗಳು. ಮೀನುಗಾರರು ಅಳಿವೆಯ ಹೂಳಿನ ಬಗ್ಗೆ, ದೋಣಿ ದಾರಿಯ ಬಗ್ಗೆ ಕೇಳುತ್ತಾರೆ ಎಂದುಕೊಂಡು ಅದಕ್ಕೆಲ್ಲ ಉತ್ತರ ಸಿದ್ಧ ಮಾಡಿಕೊಂಡು ಬಂದಿದ್ದೆವು. ಮೊದಲ ಪ್ರಶ್ನೆಯೇ ಬಾವಿಯದ್ದು.

"ಎಪ್ರಿಲ್‌ನಲ್ಲೇ ನಮ್ಮ ಬಾವಿಗೆ ಉಪ್ಪು ಹಿಡೀತದೆ ಸಾರ್. ನೀವು ಇಲ್ಲಿ ದೊಡ್ಡ ಗುಂಡಿ ತೋಡಿ ದಿನಾ ನೀರು ಎತ್ತಿದ್ರೆ ಮೇ ತಿಂಗಳಲ್ಲಿ ನಾವು ಎಂತ ಕುಡಿಯುದು?" ಕೇಳಿದವರು ಯಾರ್ಡಿನ ಹಿಂದಿನ ಬೀದಿಯಲ್ಲಿ ಮನೆಯಿದ್ದ, ಮೀನು ಮಾರುವ ಹೆಂಗಸು. ಆಮೇಲಿನ ಎರಡು ಗಂಟೆ ಬಹುಪಾಲು ಇದರ ಸುತ್ತಲೇ ನಡೆಯಿತು. ಡ್ರೈ ಡಾಕ್‌ನ ಅನುಮತಿ ಕಡತದಲ್ಲಿ ನೂರಾರು ಪುಟಗಳಿರುತ್ತವೆ. ಅದರಲ್ಲಿ ನಿಜವಾಗಿ ಉತ್ತರ ಕೊಡಬೇಕಾದ ಪ್ರಶ್ನೆ ಇದೇ ಎಂದು ಇವತ್ತಿಗೂ ನಮ್ಮ ಅಭಿಪ್ರಾಯ.

ಏಕೆಂದು ಹೇಳುವ ಮೊದಲು ಡಾಕ್ ಏನೆಂದು ಹೇಳಬೇಕು. ನೀರಿನಂಚಿನಲ್ಲಿ ತೋಡಿ ಕಾಂಕ್ರೀಟ್ ಕಟ್ಟಿದ ತೊಟ್ಟಿ ಅದು. ನದಿಯ ಕಡೆ ಬಾಗಿಲು. ಹಡಗು ತೇಲುತ್ತ ಒಳಗೆ ಬಂದ ಮೇಲೆ ಬಾಗಿಲು ಮುಚ್ಚಿ ಪಂಪ್ ಹಾಕುತ್ತಾರೆ. ನೀರು ಇಳಿದಂತೆ ಹಡಗು ಅಡಿಯಲ್ಲಿ ಜೋಡಿಸಿಟ್ಟ ಕೀಲ್ ಬ್ಲಾಕ್ ಎಂಬ ಆಧಾರದ ದಿಮ್ಮಿಗಳ ಮೇಲೆ ಕೂರುತ್ತದೆ. ಕೊಚ್ಚಿಯಲ್ಲಿ 2024ರ ಜನವರಿಯಲ್ಲಿ ಉದ್ಘಾಟನೆಯಾದ ಹೊಸ ಡಾಕ್ 310 ಮೀಟರ್ ಉದ್ದ, 13 ಮೀಟರ್ ಆಳ. ಅಗಲ ಒಂದು ಭಾಗದಲ್ಲಿ 75, ಇನ್ನೊಂದರಲ್ಲಿ 60 ಮೀಟರ್. ನಮ್ಮದು ಅದರ ಮುಂದೆ ಬಹಳ ಚಿಕ್ಕದು: 120 ಮೀಟರ್ ಉದ್ದ, 24 ಮೀಟರ್ ಅಗಲ, ನೆಲ ಡೇಟಮ್‌ಗಿಂತ (ಎತ್ತರ ಅಳೆಯುವ ಆಧಾರ ಮಟ್ಟ) 6 ಮೀಟರ್ ಕೆಳಗೆ. ಉಬ್ಬರದಲ್ಲಿ ನೀರು +1.5ಕ್ಕೆ ನಿಂತಾಗ ಬಾಗಿಲು ಮುಚ್ಚಿದರೆ ಒಳಗೆ 21,600 ಘನ ಮೀಟರ್ ನೀರು. ಗಂಟೆಗೆ 2,400 ಘನ ಮೀಟರ್ ಎತ್ತುವ ಮೂರು ಪಂಪ್ ಇದ್ದರೆ ಮೂರು ಗಂಟೆಯ ಕೆಲಸ. ಈ ನೀರು ನದಿಯಿಂದ ಬಂದದ್ದು, ನದಿಗೇ ಹೋಗುವುದು. ಇದರಿಂದ ಬಾವಿಗೆ ತೊಂದರೆಯಿಲ್ಲ.

ತೊಂದರೆ ಇರುವುದು ನೆಲದಡಿಯ ನೀರಿನಲ್ಲಿ. ಡಾಕ್ ಖಾಲಿಯಾದಾಗ ಸುತ್ತಲಿನ ನೀರು ನೆಲದ ಹಾಸನ್ನು ಕೆಳಗಿನಿಂದ ಮೇಲಕ್ಕೆ ಒತ್ತುತ್ತದೆ. ಬರೀ ಕಾಂಕ್ರೀಟ್ ಭಾರದಿಂದಲೇ ಅದನ್ನು ತಡೆಯಬೇಕೆಂದರೆ, ನಮ್ಮ ಆಳಕ್ಕೆ ಸುಮಾರು 5.6 ಮೀಟರ್ ದಪ್ಪದ ಹಾಸು ಬೇಕು. ಸುರಕ್ಷತೆಯ ಅಂಶ ಸೇರಿಸಿದರೆ ಇನ್ನೂ ಹೆಚ್ಚು. ಅಷ್ಟು ಕಾಂಕ್ರೀಟ್ ಹಾಕುವವರು ಕಡಿಮೆ. ಅಗ್ಗದ ದಾರಿ ಒಂದಿದೆ: ತೆಳು ಹಾಸಿನ ಕೆಳಗೆ ಜಲ್ಲಿಯ ಪದರ, ಅದರಲ್ಲಿ ತೂತು ಪೈಪುಗಳು, ಸೋರಿ ಬಂದ ನೀರನ್ನು ಹಗಲೂ ರಾತ್ರಿ ಪಂಪ್ ಮಾಡಿ ಒತ್ತಡವನ್ನು ಇಳಿಸಿಡುವುದು. ಸಭೆಗೆ ಬಂದಿದ್ದ ಕರಡು ವರದಿಯಲ್ಲಿದ್ದ ವಿನ್ಯಾಸ ಇದೇ. ಅಂದರೆ ಡಾಕ್ ಇರುವಷ್ಟು ವರ್ಷ ಅದು ತನ್ನ ಸುತ್ತಲಿನ ಅಂತರ್ಜಲವನ್ನು ಎಳೆಯುತ್ತಲೇ ಇರುತ್ತದೆ. ಆಕೆ ಕೇಳಿದ್ದು ಸರಿಯಾಗಿಯೇ ಇತ್ತು.

ಕರಾವಳಿಯ ಮರಳಿನಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಸಮುದ್ರದ ನೀರು ಸಿಹಿನೀರಿಗಿಂತ ಸುಮಾರು ನಲವತ್ತರಲ್ಲಿ ಒಂದು ಪಾಲು ಹೆಚ್ಚು ಭಾರ. ಹಾಗಾಗಿ ಸಮುದ್ರಮಟ್ಟದಿಂದ 1 ಮೀಟರ್ ಮೇಲೆ ಸಿಹಿನೀರು ನಿಂತಿದ್ದರೆ ಅದರಡಿ ಸುಮಾರು 40 ಮೀಟರ್‌ವರೆಗೆ ಸಿಹಿನೀರೇ ಇರುತ್ತದೆ ಎಂಬುದು ಗೈಬೆನ್–ಹರ್ಜ್‌ಬರ್ಗ್ ಲೆಕ್ಕ. ಇದನ್ನೇ ತಿರುಗಿಸಿ ನೋಡಿದರೆ ಭಯವಾಗುತ್ತದೆ: ಮೇಲಿನ ಮಟ್ಟ ಅರ್ಧ ಮೀಟರ್ ಇಳಿದು ಹಾಗೇ ನಿಂತರೆ, ಕೆಳಗಿನ ಉಪ್ಪು ಕಾಲಕ್ರಮೇಣ 20 ಮೀಟರ್ ಮೇಲೇರಬಹುದು. ನಿಜವಾದ ಮಣ್ಣಿನಲ್ಲಿ ಇಷ್ಟು ನೇರವಾಗಿ ಆಗುವುದಿಲ್ಲ, ಜೇಡಿಯ ಪದರಗಳು ತಡೆಯುತ್ತವೆ. ಆದರೂ ಅಪಾಯದ ಅಳತೆ ಸಿಗಲು ಇದು ಸಾಕು.

ಕರಡು ವರದಿಯಲ್ಲಿ ಇದಕ್ಕೆ ಉತ್ತರ ಇರಲಿಲ್ಲ, ಇದ್ದ ಅಂಕಿಗಳೂ ಪ್ರಯೋಜನಕ್ಕೆ ಬರಲಿಲ್ಲ. ಪರಿಸರ ಪರಿಣಾಮ ಅಧ್ಯಯನಕ್ಕೆ ಮಳೆಗಾಲ ಬಿಟ್ಟು ಒಂದು ಋತುವಿನ ಮಾಪನ ಸಾಕೆಂದು ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಐದು ಬಾವಿಗಳನ್ನು ನೋಡಿದ್ದರು. ನಿಯಮದ ಪ್ರಕಾರ ತಪ್ಪಿಲ್ಲ. ಆದರೆ ಡಿಸೆಂಬರ್‌ನಲ್ಲಿ ಕರಾವಳಿಯ ಬಾವಿಗಳಲ್ಲಿ ಮಳೆಯ ನೀರು ಇನ್ನೂ ನಿಂತಿರುತ್ತದೆ, ಎಲ್ಲ ಬಾವಿಯೂ ಚೆನ್ನಾಗಿಯೇ ಕಾಣುತ್ತದೆ. ಮೇ ತಿಂಗಳ ಅಂಕಿ ಇಲ್ಲದಿದ್ದರೆ, ಮುಂದೆ ಬಾವಿ ಉಪ್ಪಾದಾಗ ಊರವರು ಡಾಕ್ ಕಾರಣ ಎನ್ನುತ್ತಾರೆ, ಯಾರ್ಡಿನವರು ಬೇಸಿಗೆ ಕಾರಣ ಎನ್ನುತ್ತಾರೆ, ಇಬ್ಬರ ಕೈಯಲ್ಲೂ ಸಾಕ್ಷ್ಯ ಇರುವುದಿಲ್ಲ. ಬಾವಿಗಳ ಅಳತೆ ಎಪ್ರಿಲ್–ಮೇಯಲ್ಲೇ ಆಗಬೇಕು. ಇದಕ್ಕಾಗಿ ಅರ್ಜಿ ನಾಲ್ಕು ತಿಂಗಳು ತಡವಾದರೂ ಆಗಲಿ.

ಇನ್ನೊಂದು ಎಡವಟ್ಟು ಕನ್ನಡದ ಸಾರಾಂಶದಲ್ಲಿತ್ತು. ಯೋಜನಾ ವರದಿಯ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲಿ ಕೊಡುವುದು ಕಡ್ಡಾಯ. ಅದು ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯತಿ, ಜಿಲ್ಲಾ ಕೈಗಾರಿಕಾ ಕೇಂದ್ರದಂಥ ಕಡೆ ಓದಲು ಸಿಗುವಂತಿರಬೇಕು. ಗುಂಡಿಯ ನೀರನ್ನು ಪಂಪ್ ಮಾಡಿ ತೆಗೆಯುವ ಕೆಲಸಕ್ಕೆ ಅನುವಾದಕರು 'ನಿರ್ಜಲೀಕರಣ' ಎಂದು ಬರೆದಿದ್ದರು. ವಾಂತಿಭೇದಿ ಆದಾಗ ಡಾಕ್ಟರು ಹೇಳುವ ಮಾತು ಅದು. 'ಯೋಜನಾ ಪ್ರದೇಶದ ನಿರ್ಜಲೀಕರಣ ಹದಿನೆಂಟು ತಿಂಗಳು' ಎಂದು ಓದಿದವರಿಗೆ ಊರಿನ ನೀರನ್ನೇ ಬತ್ತಿಸುತ್ತಾರೆ ಎಂದು ಕಂಡರೆ ಅದರಲ್ಲಿ ಅವರ ತಪ್ಪೇನೂ ಇಲ್ಲ. ಸಾರಾಂಶವನ್ನು ಅನುವಾದಕರ ಕೈಗೆ ಬಿಟ್ಟು ಸುಮ್ಮನಾಗಬಾರದು; ಊರಿನ ಇಬ್ಬರಿಂದ ಓದಿಸಿ, ಅವರಿಗೆ ಏನು ಅರ್ಥವಾಯಿತೆಂದು ಕೇಳಿ, ಆಮೇಲೆ ಅಚ್ಚಿಗೆ ಕಳಿಸಬೇಕು.

ಸಭೆಯ ನಡಾವಳಿಯ ಬಗ್ಗೆ ಒಂದೆರಡು ಮಾತು, ಏಕೆಂದರೆ ಇಲ್ಲಿ ತಪ್ಪಿದರೆ ಇಡೀ ಕಡತ ನ್ಯಾಯಾಲಯದಲ್ಲಿ ಬೀಳುತ್ತದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ, ಒಂದು ರಾಷ್ಟ್ರೀಯ ಪತ್ರಿಕೆಯಲ್ಲಿ, ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಕನಿಷ್ಠ 30 ದಿನ ಕಾಯಬೇಕು. ಕೋರಂ ಬೇಕಿಲ್ಲ, ಆದರೆ ಹಾಜರಿ ದಾಖಲಾಗಬೇಕು, ಪೂರ್ತಿ ವಿಡಿಯೊ ಆಗಬೇಕು. ಕೊನೆಗೆ ನಡಾವಳಿಯನ್ನು ಅಲ್ಲೇ ಜನರೆದುರು ಕನ್ನಡದಲ್ಲಿ ಓದಿ ಹೇಳಬೇಕು. ಅಂದು ಓದಿದಾಗ 'ಕುಡಿಯುವ ನೀರಿನ ಬಗ್ಗೆ ಸಾರ್ವಜನಿಕರು ಆತಂಕ ವ್ಯಕ್ತಪಡಿಸಿದರು' ಎಂದಷ್ಟೇ ಇತ್ತು. ಜನ ಒಪ್ಪಲಿಲ್ಲ. ಬಾವಿ, ಮೇ ತಿಂಗಳು, ಉಪ್ಪು, ಪರ್ಯಾಯ ನೀರು ಎಂಬ ನಾಲ್ಕೂ ಮಾತು ಸೇರಿಸಿ ಮತ್ತೆ ಓದಿಸಿದರು. ಅದು ಒಳ್ಳೆಯದೇ ಆಯಿತು. ನಡಾವಳಿಯಲ್ಲಿ ಇರುವ ಪ್ರತಿ ಪ್ರಶ್ನೆಗೂ ಅಂತಿಮ ವರದಿಯಲ್ಲಿ ಉತ್ತರ ಬರೆದು, ಅದಕ್ಕೆ ಹಣ ತೋರಿಸಬೇಕಾಗುತ್ತದೆ. 'ಆತಂಕ'ಕ್ಕೆ ಉತ್ತರ ಬರೆಯುವುದು ಸುಲಭ, ಉಪ್ಪಿಗೆ ಕಷ್ಟ.

ಸಭೆಯ ಬಳಿಕ ಎರಡು ಕೆಲಸ ಹೊಸದಾಗಿ ಶುರುವಾದವು. ಮೊದಲನೆಯದು ಬಾವಿಗಳ ಪಟ್ಟಿ. ಯಾರ್ಡಿನ ಬೇಲಿಯಿಂದ ಒಂದು ಕಿಲೋಮೀಟರ್ ಒಳಗಿನ ಪ್ರತಿ ಬಾವಿಗೂ ನಂಬರು ಕೊಟ್ಟು ಕಟ್ಟೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿದ್ದಾಯಿತು. ಇಲ್ಲಿ ಒಂದು ಎಚ್ಚರ ಬೇಕು. ಕಟ್ಟೆಯಿಂದ ನೀರಿನವರೆಗೆ ಟೇಪು ಬಿಟ್ಟು ಅಳೆದರಷ್ಟೇ ಸಾಲದು. ಕಟ್ಟೆಯ ಮೇಲ್ತುದಿಯನ್ನು ಲೆವೆಲ್ ಹಿಡಿದು ಒಂದೇ ಆಧಾರಕ್ಕೆ ತರಬೇಕು. ಅದರಲ್ಲೂ ಯಾವ ಆಧಾರ ಎಂಬುದು ಮುಖ್ಯ. ಡಾಕ್‌ನ ನಕ್ಷೆಗಳು ಚಾರ್ಟ್ ಡೇಟಮ್ (ಸುಮಾರಾಗಿ ಅತಿ ಇಳಿತದ ನೀರಿನ ಮಟ್ಟ) ಲೆಕ್ಕದಲ್ಲಿರುತ್ತವೆ, ನೆಲದ ಸರ್ವೆ ಸರಾಸರಿ ಸಮುದ್ರಮಟ್ಟದ ಲೆಕ್ಕದಲ್ಲಿರುತ್ತದೆ. ನಮ್ಮ ಕರಾವಳಿಯಲ್ಲಿ ಎರಡರ ನಡುವೆ ಸುಮಾರು ಒಂದು ಮೀಟರ್ ವ್ಯತ್ಯಾಸ. ಮೇಲೆ ಹೇಳಿದ ನಲವತ್ತರ ಲೆಕ್ಕಕ್ಕೆ ಈ ಒಂದು ಮೀಟರ್ ತಪ್ಪಾಗಿ ಸೇರಿದರೆ, ಒಣಗುವ ಬಾವಿಯೂ ಕಾಗದದ ಮೇಲೆ ತುಂಬಿರುತ್ತದೆ.

ಮಟ್ಟದ ಜೊತೆಗೆ ನೀರಿನ ಉಪ್ಪನ್ನು ತೋರಿಸುವ ವಿದ್ಯುತ್ ವಾಹಕತೆ, ಕ್ಲೋರೈಡ್ ಎರಡನ್ನೂ ಅಳೆಯಬೇಕು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರಲ್ಲಿ ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ ಒಪ್ಪಬಹುದಾದ ಮಿತಿ, ಬೇರೆ ನೀರೇ ಇಲ್ಲದಿದ್ದರೆ 1,000. ಆದರೆ ಎಚ್ಚರಿಕೆಯ ಗಂಟೆಯನ್ನು ಈ ಮಿತಿಗೆ ಕಟ್ಟಬಾರದು. 60 ಇದ್ದ ಬಾವಿ 240ಕ್ಕೆ ಏರಿದರೂ ಮಾನಕದ ಪ್ರಕಾರ ಸರಿಯೇ, ಬಾವಿ ಮಾತ್ರ ಕೆಟ್ಟ ದಾರಿ ಹಿಡಿದಾಗಿರುತ್ತದೆ. ಪ್ರತಿ ಬಾವಿಯನ್ನೂ ಅದರದ್ದೇ ಮೇ ತಿಂಗಳ ಅಂಕಿಯೊಂದಿಗೆ ಹೋಲಿಸಬೇಕು.

ಎರಡನೆಯದು ವಿನ್ಯಾಸದ ಬದಲಾವಣೆ. ತೆಳು ಹಾಸು, ಹಗಲುರಾತ್ರಿ ಪಂಪ್ ಎಂಬುದನ್ನು ಕೈಬಿಟ್ಟು, ಆ್ಯಂಕರ್ ಹಾಕಿದ ಹಾಸನ್ನು, ಅಂದರೆ ಉಕ್ಕಿನ ಸರಳುಗಳಿಂದ ಕೆಳಗಿನ ಬಂಡೆಗೆ ಬಿಗಿದ ಹಾಸನ್ನು, ಆರಿಸಿಕೊಳ್ಳಲಾಯಿತು. ಹಾಸು 1.5 ಮೀಟರ್ ದಪ್ಪ ಎಂದಿಟ್ಟರೆ ಕೆಳಗಿನಿಂದ ಬರುವ ಒತ್ತಡ ಚದರ ಮೀಟರಿಗೆ ಸುಮಾರು 9.2 ಟನ್, ಕಾಂಕ್ರೀಟ್ ಭಾರ 3.6 ಟನ್. ಉಳಿದ 5.6 ಟನ್ನನ್ನು ಬಂಡೆಗೆ ಇಳಿಸಿದ ಆ್ಯಂಕರ್‌ಗಳು ಹಿಡಿಯಬೇಕು. ಮೂರು ಮೀಟರಿಗೊಂದರಂತೆ ಎರಡೂ ದಿಕ್ಕಿನಲ್ಲಿ ಹಾಕಿದರೆ ಒಂದಕ್ಕೆ 50 ಟನ್ ಎಳೆತ, ಒಟ್ಟು 320 ಆ್ಯಂಕರ್. ಪ್ರತಿಯೊಂದನ್ನೂ ಎಳೆದು ಪರೀಕ್ಷಿಸಬೇಕು, ಉಪ್ಪುನೀರಿನ ತುಕ್ಕಿಗೆ ಎರಡು ಪದರದ ರಕ್ಷಣೆ ಕೊಡಬೇಕು. ಸುತ್ತಲೂ ಡಯಾಫ್ರಮ್ ಗೋಡೆ (ಒಳಗೆ ಅಗೆಯುವ ಮೊದಲೇ ನೆಲದಲ್ಲಿ ಎರಕ ಹೊಯ್ಯುವ ಕಾಂಕ್ರೀಟ್ ಗೋಡೆ) ಬಂಡೆಯವರೆಗೆ ಇಳಿಯಬೇಕು. ಖರ್ಚು ಹೆಚ್ಚು. ಆದರೆ ನಿರಂತರ ಪಂಪಿಂಗ್‌ನ ಕರೆಂಟ್ ಬಿಲ್ಲು ಉಳಿಯುತ್ತದೆ, ಕರೆಂಟು ಹೋದ ರಾತ್ರಿ ಹಾಸು ಎದ್ದು ಬಿರಿಯುವ ಭಯವೂ ಇಲ್ಲ.

ಗೋಡೆಯ ವಿಷಯದಲ್ಲಿ ಕೆಲಸ ಕೆಡುವುದು ಎರಡು ಕಡೆ. ಒಂದು, ಗೋಡೆಯ ತುಂಡುಗಳಾದ ಪ್ಯಾನೆಲ್‌ಗಳ ನಡುವಿನ ಕೂಡುಗೆ: ತೋಡಿದ ಕಂದಕ ಕುಸಿಯದಂತೆ ತುಂಬುವ ಬೆಂಟೊನೈಟ್ ಕೆಸರು ಅಲ್ಲಿ ಅಂಟಿ ಉಳಿದರೆ ಮುಂದೆ ಅದೇ ಸೋರುವ ದಾರಿ. ಇನ್ನೊಂದು, ಬಂಡೆಯ ಮೇಲ್ಮೈ. ನದಿ ಬದಿಯಲ್ಲಿ ಅದು ಸಮತಟ್ಟಾಗಿರುವುದಿಲ್ಲ. ಇಪ್ಪತ್ತೈದು ಮೀಟರಿಗೊಂದು ಬೋರ್‌ಹೋಲ್ ತೆಗೆದು ನಡುವೆ ಗೆರೆ ಎಳೆದರೆ, ಹಳೆಯ ಕಾಲುವೆಯ ಮರಳು ತುಂಬಿದ ತಗ್ಗೊಂದು ಕಣ್ತಪ್ಪಿ ಗೋಡೆಯ ಬುಡ ಗಾಳಿಯಲ್ಲಿ ನಿಂತಂತೆ ಆಗುತ್ತದೆ. ಗೋಡೆಯ ಸಾಲಿನಲ್ಲಿ ಹತ್ತು ಮೀಟರಿಗೊಂದಾದರೂ ಬೇಕು. ಗೋಡೆ ಪೂರ್ತಿ ಸುತ್ತು ಕೂಡಿದ ಮೇಲೆಯೇ ಒಳಗೆ ಅಗೆತ ಶುರು ಎಂಬುದನ್ನು ಷರತ್ತಿನಲ್ಲೇ ಬರೆಸಬೇಕು. ಇಲ್ಲದಿದ್ದರೆ ಗುತ್ತಿಗೆದಾರರು ಸಮಯ ಉಳಿಸಲು ಮೂರು ಬದಿಯಾದಾಗಲೇ ಅಗೆಯುತ್ತಾರೆ. ಅಗೆಯುವಾಗ ಬರುವ ನೀರನ್ನು ಮರುಪೂರಣ ಬಾವಿಗೆ ಬಿಡುತ್ತೇವೆ ಎಂಬ ಸಾಲೂ ಕರಡಿನಲ್ಲಿತ್ತು. ಆ ನೀರು ಸವಳು. ಅದನ್ನು ನೆಲಕ್ಕೆ ಇಳಿಸುವುದೆಂದರೆ ಉಪ್ಪನ್ನು ನಾವೇ ಬಾವಿಗೆ ತಲುಪಿಸಿದಂತೆ. ಹೂಳು ತಂಗುವ ತೊಟ್ಟಿ ದಾಟಿಸಿ ನದಿಗೇ ಬಿಡಬೇಕು. ಮರುಪೂರಣಕ್ಕೆ ಚಾವಣಿಯ ಮಳೆನೀರು.

ಉಳಿದದ್ದನ್ನು ಬೇಗ ಹೇಳಬಹುದು. ಡಾಕ್‌ನ ಬಾಗಿಲು ಉಬ್ಬರ–ಇಳಿತದ ನಡುವೆ, ನದಿಯೊಳಗೆ ಬರುವುದರಿಂದ 2019ರ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆಯಡಿ ಕಡತ ರಾಜ್ಯ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರದ ಶಿಫಾರಸಿನೊಂದಿಗೆ ದೆಹಲಿಗೆ ಹೋಗಬೇಕು. ಉಬ್ಬರ ರೇಖೆಯ ನಕ್ಷೆ 1:4000 ಅಳತೆಯಲ್ಲಿ, ಅಧಿಕೃತ ಸಂಸ್ಥೆಯಿಂದಲೇ ಆಗಬೇಕು. ಆ ನಕ್ಷೆಯಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದಲ್ಲಿ ನಾಲ್ಕು ಮೀಟರ್. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಹರವು 1,000 ಚದರ ಮೀಟರ್ ದಾಟಿದರೆ ಸುತ್ತ 50 ಮೀಟರ್ ಬಿಡಬೇಕಾದ್ದರಿಂದ ಗೆರೆಯ ದಪ್ಪವೂ ಲೆಕ್ಕಕ್ಕೆ ಬರುತ್ತದೆ. ಹಳೆಯ ಸ್ಲಿಪ್‌ವೇ (ಹಡಗನ್ನು ನೀರಿಗಿಳಿಸುವ ಇಳಿಜಾರು) ಎದುರಿನ ಕೆಸರಿನಲ್ಲಿ ಹಡಗಿನ ಬಣ್ಣದ ತಾಮ್ರ, ಟ್ರೈಬ್ಯುಟೈಲ್ ಟಿನ್ ಎಂಬ ವಿಷ ಇರುವ ಸಾಧ್ಯತೆ ಹೆಚ್ಚು. ಹೂಳೆತ್ತುವಾಗ ಮೇಲಿನ ಅರ್ಧ ಮೀಟರ್ ಪದರವನ್ನು ಬೇರೆಯಾಗಿ ಪರೀಕ್ಷಿಸದೆ ಸಮುದ್ರಕ್ಕೆ ಹಾಕುವಂತಿಲ್ಲ. ಡಾಕ್ ನಡೆಯತೊಡಗಿದ ಮೇಲೆ, ಹಡಗಿನ ಮೈ ಕೆರೆಯುವ ಗ್ರಿಟ್ ಚದರ ಮೀಟರಿಗೆ 30ರಿಂದ 50 ಕಿಲೋ ಬೇಕು. 1,500 ಚದರ ಮೀಟರ್ ಮೈಗೆ ಕಡಿಮೆಯೆಂದರೂ 45 ಟನ್. ಬಣ್ಣದ ಪುಡಿ ಬೆರೆತ ಅದನ್ನು ಬಾಗಿಲು ತೆರೆಯುವ ಮೊದಲು ಗುಡಿಸಿ ತೆಗೆಯದಿದ್ದರೆ ಎಲ್ಲವೂ ಅಳಿವೆಗೆ, ಅಲ್ಲಿನ ಮರುವಾಯಿಗೆ (ತಿನ್ನುವ ಚಿಪ್ಪುಮೀನು). ಪರಿಸರ ಅನುಮತಿ ಬಂದ ಮೇಲೂ ಡಾಕ್ ನಡೆಸಲು ಮಂಡಳಿಯ ಒಪ್ಪಿಗೆ (ಸಿಎಫ್‌ಒ) ಬೇರೆ.

ಅನುಮತಿಯ ಷರತ್ತುಗಳ ಪಾಲನಾ ವರದಿಯನ್ನು ವರ್ಷಕ್ಕೆ ಎರಡು ಬಾರಿ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಕೊಡಬೇಕು. ಬಾವಿಗಳ ಮಟ್ಟಿಗೆ ಮಳೆಗಾಲ ಮುಗಿದ ಮೇಲಿನ ಅಂಕಿ ಯಾವಾಗಲೂ ಚೆನ್ನಾಗಿರುತ್ತದೆ. ವರದಿಯಲ್ಲಿ ನೋಡಬೇಕಾದ್ದು ಎಪ್ರಿಲ್–ಮೇ ತಿಂಗಳ ಅಂಕಿ. ಅಂದು ಪ್ರಶ್ನೆ ಕೇಳಿದವರ ಮನೆಯ ಬಾವಿಗೆ ಪಟ್ಟಿಯಲ್ಲಿ 17ನೇ ನಂಬರು. ವಾರಕ್ಕೊಮ್ಮೆ ಅಳತೆಗೆ ಹೋಗುವ ಹುಡುಗರು ಅಂಕಿಯನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡ ಮೇಲೆ, ಅದನ್ನೇ ಅವರ ಮನೆಯ ಗೋಡೆಗೆ ನೇತುಹಾಕಿದ ಕ್ಯಾಲೆಂಡರಿನಲ್ಲೂ ಬರೆದು ಬರುತ್ತಾರೆ.