ಮರಗೆಲಸಕ್ಕೆ ವ್ಯಾಕ್ಯೂಮ್ ತಗೊಳೋರು ವ್ಯಾಟ್ ಬಿಡಿ, ಸದ್ದು ಕೇಳಿ

ತೀರ್ಥಹಳ್ಳಿ ಕಡೆ ನಮ್ಮನೆ ಹಳೇ ಕೊಟ್ಟಿಗೆನೇ ಈಗ ನನ್ನ ಮರಗೆಲಸದ ಜಾಗ. ಹಲಸು, ಸಾಗುವಾನಿ, ಯಾರಾದ್ರೂ ಹಳೇ ಮನೆ ಕೆಡವಿದ್ರೆ ಸಿಗೋ ಬೀಟೆ ತುಂಡು, ಇಷ್ಟರಲ್ಲೇ ಮಣೆ, ಸ್ಟೂಲು, ಶೆಲ್ಫು ಅಂತ ಏನಾದ್ರೂ ಮಾಡ್ತಿರ್ತೀನಿ. ಹುಡಿ ಎಳೆಯೋ ವ್ಯಾಕ್ಯೂಮ್ ಯಾವ್ದು ತಗೊಳ್ಳಲಿ ಮಾರಾಯ ಅಂತ ಸುಮಾರು ಜನ ಕೇಳ್ತಾರೆ, ಅದಕ್ಕೇ ಒಂದ್ಸಲ ಪೂರ್ತಿ ಬರೆದಿಡ್ತಿದೀನಿ.

ಉಳಿ, ಕೀಸುಳಿಲಿ ಕೆಲಸ ಮಾಡಿದ್ರೆ ಬೀಳೋದು ಚಕ್ಕೆ, ಸಿಪ್ಪೆ. ಗುಡಿಸಿ ಬಚ್ಚಲ ಒಲೆಗೆ ಹಾಕಿದ್ರೆ ಆಯ್ತು. (ಮರ ಉಜ್ಜಿ ನಯ ಮಾಡೋ ಸ್ಯಾಂಡರ್ ಮಷಿನಿನ ಹುಡಿನ ಮಾತ್ರ ಹಿಡಿಹಿಡಿಯಾಗಿ ಒಲೆಗೆ ಎಸೀಬೇಡಿ, ಭಗ್ ಅಂತ ಮುಖಕ್ಕೇ ಹೊತ್ಕೊಳ್ಳುತ್ತೆ.) ಸ್ಯಾಂಡರ್ ಕಥೆನೇ ಬೇರೆ. ಗಾಜಿನ ಹಂಚಿಂದ ಬಿಸಿಲುಕೋಲು ಇಳಿದಾಗ ನೋಡಿ, ಮಷಿನ್ ಆಫ್ ಮಾಡಿ ಎಷ್ಟೋ ಹೊತ್ತಾದ್ರೂ ಹುಡಿ ಅಲ್ಲೇ ತೇಲ್ತಿರುತ್ತೆ, ನಾವು ಆಗ್ಲೇ ಮಾಸ್ಕ್ ತೆಗೆದು ಟೀ ಕುಡೀತಿರ್ತೀವಿ. ಬೀಟೆ ಹುಡಿ ಅಂತೂ ಕೆಲವರಿಗೆ ಮೈಯೆಲ್ಲ ತುರಿಕೆ ತರುತ್ತೆ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮರದ ಧೂಳನ್ನ ಕ್ಯಾನ್ಸರ್ ತರುತ್ತೆ ಅಂತ ಖಚಿತವಾಗಿರೋ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ, ಮುಖ್ಯವಾಗಿ ಮೂಗಿನ ಒಳಭಾಗದ ಕ್ಯಾನ್ಸರ್.

ಇಷ್ಟೆಲ್ಲ ಗೊತ್ತಿದ್ದೂ ಜನ ವ್ಯಾಕ್ಯೂಮ್ ಯಾಕೆ ಹಾಕಲ್ಲ ಅಂದ್ರೆ ಅದರ ಸದ್ದಿಗೆ. ಒಳಗೆ ಮಗು ಮಲಗಿರುತ್ತೆ, ಅಮ್ಮ ಮಧ್ಯಾಹ್ನ ಸ್ವಲ್ಪ ಕಣ್ಣು ಮುಚ್ಚಿರ್ತಾರೆ, "ಎರಡು ನಿಮಿಷದ ಉಜ್ಜೋ ಕೆಲಸ, ಇರ್ಲಿ ಬಿಡು" ಅಂತ ಹಾಗೇ ಶುರು ಮಾಡ್ತೀವಿ. ಹಾಗಾಗಿ ಸದ್ದು ಕಡಿಮೆ ಇರೋದು ಐಷಾರಾಮ ಅಂತ ನಾನು ಒಪ್ಪಲ್ಲ, ಹಾಕೋಕೆ ಮನಸ್ಸು ಬರೋ ಮಷಿನ್ ಮಾತ್ರ ನಮ್ಮ ಶ್ವಾಸಕೋಶ ಕಾಯೋದು.

ಒದ್ದೆ, ಒಣ ಎರಡೂ ಎಳೆಯೋ ಸಾಮಾನ್ಯ ವೆಟ್-ಡ್ರೈ ವ್ಯಾಕ್ಯೂಮ್ 80-85 ಡೆಸಿಬಲ್ ಹತ್ರ ಕೂಗುತ್ತೆ, ಒಳ್ಳೇದು 70ರ ಆಸುಪಾಸು. ಹತ್ತೇ ತಾನೆ ಅನ್ಬೇಡಿ, 10 ಡೆಸಿಬಲ್ ಕಡಿಮೆ ಅಂದ್ರೆ ಶಬ್ದದ ಶಕ್ತಿ ಹತ್ತರಲ್ಲೊಂದು ಪಾಲು, ಕಿವಿಗೆ ಸುಮಾರು ಅರ್ಧ. 85ರ ಸದ್ದಲ್ಲಿ ದಿನಕ್ಕೆ 8 ಗಂಟೆ ಅನ್ನೋದು ಕೆಲಸದ ಜಾಗಕ್ಕೆ ತಜ್ಞರು ಹೇಳೋ ಮಿತಿ, ಅಲ್ಲಿಂದ 3 ಏರಿದಂಗೆಲ್ಲ ಸಮಯ ಅರ್ಧರ್ಧ ಇಳೀತಾ ಹೋಗುತ್ತೆ. ಸ್ಯಾಂಡರ್ ಸದ್ದೂ ಜೊತೆಗಿರುತ್ತೆ ಅನ್ನೋದು ನೆನಪಿರ್ಲಿ.

ಅಂಗಡಿಯವರು ಮೊದಲು ಹೇಳೋದು ವ್ಯಾಟ್. ಅದು ಮಷಿನ್ ಎಷ್ಟು ಕರೆಂಟ್ ತಿನ್ನುತ್ತೆ ಅನ್ನೋ ಲೆಕ್ಕ ಅಷ್ಟೆ. ಯುರೋಪಲ್ಲಿ 2017ರಿಂದ ಮನೆ ವ್ಯಾಕ್ಯೂಮಿಗೆ 900 ವ್ಯಾಟ್ ಮಿತಿ ಇಟ್ಟಿದಾರೆ, ಇಂಗ್ಲೆಂಡಿನ ಹೆನ್ರಿ ಅನ್ನೋ ಮಾಡೆಲ್ಲು 620 ವ್ಯಾಟಲ್ಲೇ ಚೆನ್ನಾಗಿ ಎಳೆಯುತ್ತೆ. ಕೇಳಬೇಕಾದ್ದು ಮೋಟರ್ ಯಾವ ತರದ್ದು ಅಂತ. ಕಮ್ಮಿ ಬೆಲೆ ಮಷಿನಲ್ಲಿ ಹೀರಿದ ಗಾಳಿನೇ ಮೋಟರ್ ಮೇಲೆ ಹಾದು ಅದನ್ನ ತಂಪು ಮಾಡ್ಬೇಕು, ಫಿಲ್ಟರಲ್ಲಿ ಹುಡಿ ಕಟ್ಕೊಂಡ್ರೆ ಮೋಟರ್ ಬಿಸಿಯಾಗುತ್ತೆ, ಫಿಲ್ಟರ್ ದಾಟಿದ ಹುಡಿ ನೇರ ಅದರೊಳಗೇ ಹೋಗುತ್ತೆ. ಬೈಪಾಸ್ ಮೋಟರ್ ಅಂದ್ರೆ ತಂಪು ಮಾಡೋ ಗಾಳಿಗೆ ದಾರಿನೇ ಬೇರೆ, ಬಾಳಿಕೆ ಜಾಸ್ತಿ. ಹಾಗೇ ಮೋಟರ್ ಒಳಗೆ ಕರೆಂಟ್ ಮುಟ್ಟಿಸೋ ಕಾರ್ಬನ್ ಬ್ರಷ್ ಬಿಡಿಯಾಗಿ ಸಿಗುತ್ತಾ, ಶಿವಮೊಗ್ಗದಲ್ಲೇ ಹಾಕ್ಕೊಡ್ತಾರಾ ಅಂತ ವಿಚಾರಿಸಿ. ಸವೆಯೋ ಸಾಮಾನು ಅದು, ಅದೊಂದಕ್ಕೆ ಬೆಂಗಳೂರಿಗೆ ಕಳಿಸ್ಬೇಕು ಅಂದ್ರೆ ಯಾಕೆ ಬೇಕು ಹೇಳಿ.

ಅಂಗಡೀಲೇ ಆನ್ ಮಾಡಿಸಿ, ಪೈಪಿನ ಬಾಯಿ ಅಂಗೈಲಿ ಮುಚ್ಚಿ. ಸದ್ದು ಕೀರಲಾಗಿ ಏರುತ್ತೆ. ಮೋಟರಿಗೆ ಲೋಡ್ ಬಿತ್ತು ಅಂದ್ಕೊಳ್ತಾರೆ, ಆಗೋದು ತಿರುಗಾಮುರುಗ, ತಳ್ಳೋಕೆ ಗಾಳಿನೇ ಇಲ್ದೆ ಲೋಡ್ ಇಳಿದು ಅದು ಜೋರಾಗಿ ತಿರುಗುತ್ತೆ. ಆ ಸ್ವರ ಕಿವೀಲಿ ಇಟ್ಕೊಳ್ಳಿ, ಮುಂದೆ ಮನೇಲಿ ಕೆಲಸ ಮಾಡ್ತಾ ಅದೇ ಸ್ವರ ಬಂದ್ರೆ ಫಿಲ್ಟರ್ ಕಟ್ಟಿದೆ ಇಲ್ಲಾ ಪೈಪಲ್ಲಿ ಏನೋ ಸಿಕ್ಕಿದೆ ಅಂತರ್ಥ, ತಕ್ಷಣ ನಿಲ್ಲಿಸಿ.

ಫಿಲ್ಟರ್ ಕಟ್ಟದಂಗೆ ನೋಡ್ಕೊಳೋಕೆ, ವ್ಯಾಕ್ಯೂಮಿಗೆ ಹೋಗೋ ಮುಂಚೆನೇ ಹುಡಿ ಬೇರೆ ಮಾಡೋ ಸೈಕ್ಲೋನ್ ಹಾಕೋದೇ ಸರಿ. ದಪ್ಪನೆ 20 ಲೀಟರ್ ಪೇಂಟ್ ಬಕೆಟ್ ಮುಚ್ಚಳದ ಮೇಲೆ ಆಲಿಕೆ ತರದ ಒಂದು ಪ್ಲಾಸ್ಟಿಕ್ ಕೊಳವೆ ಕೂರಿಸಿದ್ರೆ ಗಾಳಿ ಸುತ್ತಿ ಸುತ್ತಿ ಹುಡಿ ಹೆಚ್ಚಿನ ಪಾಲು ಬಕೆಟಲ್ಲೇ ಬೀಳುತ್ತೆ. ತೆಳು ಬಕೆಟ್ ಬೇಡ, ಪೈಪ್ ಕಟ್ಟಿದಾಗ ಒಳಕ್ಕೆ ನುಗ್ಗಾಗುತ್ತೆ. ತೀರಾ ಸಣ್ಣ ಹುಡಿ ಸೈಕ್ಲೋನಿಗೂ ಸಿಗಲ್ಲ, ಅದಕ್ಕೆ ಹೆಪಾ ಫಿಲ್ಟರೇ ಬೇಕು, 0.3 ಮೈಕ್ರಾನಿನ ಕಣಾನೂ 99.97 ಪರ್ಸೆಂಟ್ ಹಿಡಿಯುತ್ತೆ.

ನಮ್ಮ ಮಳೆಗಾಲ ಒಂದು ಬೇರೆನೇ ಪರೀಕ್ಷೆ. ಜೂನಿಂದ ಪೇಪರ್ ಫಿಲ್ಟರ್ ತೇವ ಹಿಡಿದು ಹುಡಿ ಕಡುಬಿನ ಹಿಟ್ಟಿನ ತರ ಮೆತ್ಕೊಳ್ಳುತ್ತೆ, ಎಷ್ಟು ಕೊಡವಿದ್ರೂ ಬಿಡಲ್ಲ. ನಾನು ಎರಡು ಫಿಲ್ಟರ್ ಇಟ್ಕೊಂಡು ಒಂದನ್ನ ಅಡುಗೆಮನೆ ಅಟ್ಟದ ಮೇಲೆ ಬೆಚ್ಚಗೆ ಒಣಗೋಕೆ ಬಿಡ್ತೀನಿ.

ಕರೆಂಟ್ ವಿಷಯ. ಟೂಲನ್ನ ವ್ಯಾಕ್ಯೂಮಿಗೇ ಸಿಕ್ಕಿಸಿ, ಟೂಲ್ ಆನ್ ಮಾಡಿದ್ರೆ ವ್ಯಾಕ್ಯೂಮೂ ತಾನೇ ಶುರುವಾಗೋ ಸಾಕೆಟ್ ಇರೋ ಮಾಡೆಲ್ ಸಿಕ್ಕಿದ್ರೆ ಬಿಡಬೇಡಿ, ಆದ್ರೆ 1200 ವ್ಯಾಟ್ ವ್ಯಾಕ್ಯೂಮಿಗೆ 1200 ವ್ಯಾಟ್ ಗರಗಸ ಸೇರಿದ್ರೆ 10 ಆಂಪ್ ದಾಟುತ್ತೆ, ಸಣ್ಣ ಪ್ಲಗ್ ಪಾಯಿಂಟ್ ಕರಗಿ ಹೋಗುತ್ತೆ. ದೊಡ್ಡ ಪಿನ್ನಿನ 16 ಆಂಪ್ ಪಾಯಿಂಟೇ ಹಾಕಿಸಿ. ಮನೆ ಇನ್ವರ್ಟರಲ್ಲಿ ಇದು ಓಡಲ್ಲ.

ಇಷ್ಟಾದ್ಮೇಲೂ ಸದ್ದು ಜಾಸ್ತಿ ಅನ್ನಿಸಿದ್ರೆ ಮಷಿನನ್ನೇ ಆಚೆ ಇಡಿ. ನಮ್ಮಲ್ಲಿ ಹಿಂದಿನ ಜಗಲಿ ಮೇಲೆ, ಮಳೆ ಇರಚಲು ಬಡೀದೇ ಇರೋ ಮೂಲೇಲಿ ಇದೆ, ಗೋಡೇಲಿ ತೂತು ಕೊರೆದು ಪೈಪ್ ಮಾತ್ರ ಒಳಗೆ. ಪೆಟ್ಟಿಗೆ ಕಟ್ಟಿ ಮುಚ್ಚೋರು ಬಿಸಿಗಾಳಿ ಹೊರಗೆ ಹೋಗೋಕೆ ದೊಡ್ಡ ಕಿಂಡಿ ಬಿಡಿ, ಪೂರ್ತಿ ಮುಚ್ಚಿದ್ರೆ ಬೈಪಾಸ್ ಮೋಟರೂ ಸುಟ್ಟು ಹೋಗುತ್ತೆ.